ಕೈಗಡಿಯಾರ ಕೊಟ್ಟ ಉತ್ತರ

ನನ್ನ ಕೈಗಡಿಯಾರದಲ್ಲಿ ಒಂದು ದಿಕ್ಸೂಚಿ ಇದೆ. ಮುಳ್ಳಿನದಲ್ಲ, ಡಿಜಿಟಲ್ಲಿನದು. ಗುಂಡಿ ಒತ್ತಿದರೆ ನಾನು ಯಾವ ಕಡೆ ಮುಖ ಮಾಡಿ ನಿಂತಿದ್ದೇನೆ ಎಂಬುದನ್ನು ಡಿಗ್ರಿಯಲ್ಲಿ ಹೇಳುತ್ತದೆ. ಸೊನ್ನೆ ಎಂದರೆ ಉತ್ತರ, 90 ಎಂದರೆ ಪೂರ್ವ. ಇದನ್ನು ಆಗಾಗ ಕ್ಯಾಲಿಬ್ರೇಟ್ ಮಾಡುತ್ತಿರಬೇಕು ಎಂದು ಜೊತೆಗೆ ಬಂದ ಪುಸ್ತಿಕೆ ಹೇಳುತ್ತದೆ. ಆ ಮಾತಿಗೆ ಸರಿಹೊಂದುವ ಕನ್ನಡ ಪದ ನನಗೆ ಇನ್ನೂ ಸಿಕ್ಕಿಲ್ಲ. ಶ್ರುತಿ ಕೂಡಿಸುವುದು ಅನ್ನೋಣವೆಂದರೆ, ಕೂಡಿಸುವವನ ಕಿವಿಯೇ ಸರಿಯಿಲ್ಲದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆ ಏಳುತ್ತದೆ. ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿರುವುದೂ ಅದೇ ಪ್ರಶ್ನೆ.

ಮಾಡಬೇಕಾದ ಕೆಲಸ ಸಣ್ಣದು. ಗಡಿಯಾರವನ್ನು ನೆಲಕ್ಕೆ ಸಮನಾಗಿ ಹಿಡಿದು ಒಮ್ಮೆ ಗುಂಡಿ ಒತ್ತಬೇಕು. ಆಮೇಲೆ ಅದನ್ನು ಪೂರ್ತಿ ಹಿಂದುಮುಂದಾಗಿ, ಅಂದರೆ 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಒತ್ತಬೇಕು. ಬೇರೆ ಕೆಲವು ಗಡಿಯಾರಗಳಲ್ಲಿ, ಮೊಬೈಲುಗಳಲ್ಲಿ ಗಾಳಿಯಲ್ಲಿ ಇಂಗ್ಲಿಷಿನ ಎಂಟು ಬರೆದ ಹಾಗೆ ಕೈ ಆಡಿಸಬೇಕು. ನೋಡಿದವರಿಗೆ ಯಾವುದೋ ದೇವರಿಗೆ ಆರತಿ ಎತ್ತುತ್ತಿರುವಂತೆ ಕಾಣುತ್ತದೆ.

ಯಾಕೆ ತಿರುಗಿಸಬೇಕು? ನಮ್ಮ ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರದ ಬಲ ಸುಮಾರು 40 ಮೈಕ್ರೊಟೆಸ್ಲಾ. ಬಹಳ ಬಡಕಲು ಬಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಹಿಂದಿರುವ ಆಯಸ್ಕಾಂತದ ಬಲ ಅದರ ನೂರಾರು ಪಟ್ಟು ಇರುತ್ತದೆ. ಗಡಿಯಾರದ ಒಳಗೂ ಬ್ಯಾಟರಿ, ತಿರುಪು, ಪಟ್ಟಿಯ ಕೊಕ್ಕೆ ಎಂದು ಒಂದಿಷ್ಟು ಲೋಹವಿದ್ದು, ಅದರಲ್ಲಿ ಸ್ವಲ್ಪ ಕಾಂತತ್ವ ಸೇರಿಕೊಂಡಿರುತ್ತದೆ. ಅದರ ಬಲ 10 ಎಂದಿಟ್ಟುಕೊಳ್ಳಿ. ಉತ್ತರಕ್ಕೆ ಮುಖ ಮಾಡಿದಾಗ ಒಳಗಿನ ಸಂವೇದಕ ಕಾಣುವುದು 50. ಅದರಲ್ಲಿ ಭೂಮಿಯದೆಷ್ಟು, ತನ್ನದೆಷ್ಟು ಎಂದು ಅದಕ್ಕೆ ತಿಳಿಯುವುದಿಲ್ಲ. ಒಂದೇ ಕಡೆಗೆ ನೋಡುತ್ತ ನಿಂತರೆ ಸಾವಿರ ಸಲ ಅಳೆದರೂ 50 ಎಂದೇ ಬರುತ್ತದೆ. ದಕ್ಷಿಣಕ್ಕೆ ತಿರುಗಿದಾಗ ಭೂಮಿಯ ಪಾಲು ಮಗುಚಿಕೊಂಡು ಮೈನಸ್ 40 ಆಗುತ್ತದೆ. ತನ್ನ ಪಾಲು ಮಾತ್ರ ತನ್ನ ಜೊತೆಗೇ ತಿರುಗಿ ಹಾಗೆಯೇ 10 ಉಳಿಯುತ್ತದೆ. ಈಗ ಕಾಣುವುದು ಮೈನಸ್ 30. ಎರಡನ್ನೂ ಕೂಡಿದರೆ 20, ಅದರ ಅರ್ಧ 10. ಅದು ತನ್ನದು. ಇನ್ನು ಮುಂದೆ ಎಲ್ಲಿ ಏನು ಅಳೆದರೂ ಗಡಿಯಾರ ಆ ಹತ್ತನ್ನು ಕಳೆದು ಹೇಳುತ್ತದೆ.

ಇದು ಗೊತ್ತಾದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎಲ್ಲ ಕಡೆಗೂ ತಿರುಗಿ ನೋಡಿದ ಮೇಲೂ ಬದಲಾಗದೆ ಉಳಿಯುವುದು ಜಗತ್ತಿನದಲ್ಲ, ನನ್ನದು. ನೀತಿಯ ಬಗ್ಗೆ ಓದಿದ ಎಷ್ಟೋ ಪುಸ್ತಕಗಳಿಗಿಂತ ಇದು ಸ್ಪಷ್ಟವಾಗಿತ್ತು. ಆದರೆ ಇದು ಗೊತ್ತಾದದ್ದು ತಡವಾಗಿ, ಕುದುರೆಮುಖದಲ್ಲಿ ದಾರಿ ತಪ್ಪಿದ ಮೇಲೆ.

ನಾನು, ತಮ್ಮ ಇಬ್ಬರೂ ಹೋಗಿದ್ದೆವು. ಬೆಳಿಗ್ಗೆ ಮುಳ್ಳೋಡಿಯಲ್ಲಿ ಜೀಪಿನಿಂದ ಇಳಿದವನೇ ಅದರ ಪಕ್ಕದಲ್ಲೇ ನಿಂತು, ಗಡಿಯಾರ ಕಟ್ಟಿದ ಕೈ ಮುಂದೆ ಚಾಚಿ ಒಮ್ಮೆ ಒತ್ತಿದೆ. ಇಡೀ ಮೈ ತಿರುಗಿಸಿ ಇನ್ನೊಮ್ಮೆ ಒತ್ತಿದೆ. ಮೊದಲ ಸಲ ಕೈ ಬಾನೆಟ್ಟಿನ ಮೇಲಿತ್ತು, ಎರಡನೇ ಸಲ ಅದರಿಂದ ಒಂದು ಮಾರು ದೂರವಿತ್ತು. ಪುಸ್ತಿಕೆಯಲ್ಲಿ ಗುಂಡಿ ಒತ್ತುವ ಪುಟ ಓದಿದ್ದೆ. ಎಲ್ಲಿ ನಿಂತು ಒತ್ತಬಾರದು ಎನ್ನುವ ಪುಟ ಓದಿರಲಿಲ್ಲ.

ಇಳಿಯುವಾಗ ಮಂಜು ಕವಿಯಿತು. ಮಾರ್ಗದರ್ಶಿಯಾಗಿ ಬಂದಿದ್ದ ಊರಿನ ಹುಡುಗ ಕಾಲು ಉಳುಕಿದವರೊಬ್ಬರ ಜೊತೆ ಹಿಂದೆ ಉಳಿದಿದ್ದ. ಕಾಲುದಾರಿ ಎರಡಾಗುವ ಕಡೆ ತಮ್ಮ ನಿಂತ. "ಅಣ್ಣ, ಬರ್ಬೇಕಾದ್ರೆ ಹಳ್ಳ ನಮ್ ಬಲಗಡೆ ಇತ್ತು. ಈಗ ಎಡಗಡೆ ಸಿಗ್ಬೇಕು, ಆ ದಾರಿ ಕಣೋ" ಅಂದ. ನಾನು ಗಡಿಯಾರ ನೋಡಿ, ಇಷ್ಟು ಡಿಗ್ರಿ, ಆದ್ದರಿಂದ ಈ ದಾರಿ ಎಂದೆ. ಅವನು ಇನ್ನೊಮ್ಮೆ ಹಳ್ಳದ ಮಾತೆತ್ತಿದ. ನಾನು ಮಣಿಕಟ್ಟನ್ನು ಅವನ ಮುಖದ ಹತ್ತಿರ ಹಿಡಿದೆ. ಹಳ್ಳದ ನೆನಪು ಅವನದು, ಅದಕ್ಕೆ ತಪ್ಪುವ ಸಾಧ್ಯತೆ ಇದೆ. ಅಂಕಿ ಯಾರದೂ ಅಲ್ಲ, ಅದಕ್ಕೆ ತಪ್ಪಲು ಕಾರಣವೇ ಇಲ್ಲ ಎನ್ನುವುದು ನನ್ನ ವಾದ. ಅವನು ಸುಮ್ಮನಾದ. ಒಪ್ಪಿ ಸುಮ್ಮನಾಗುವುದಕ್ಕೂ ಸೋತು ಸುಮ್ಮನಾಗುವುದಕ್ಕೂ ಇರುವ ವ್ಯತ್ಯಾಸ ಮಂಜಿನಲ್ಲಿ ಕಾಣಿಸುವುದಿಲ್ಲ. ಮುಕ್ಕಾಲು ಗಂಟೆ ತಪ್ಪು ದಾರಿಯಲ್ಲಿ ನಡೆದಿದ್ದೆವು, ಹಿಂದಿನಿಂದ ಆ ಹುಡುಗ ಕೂಗುತ್ತ ಓಡಿ ಬಂದು ತಡೆಯುವ ಹೊತ್ತಿಗೆ. ಮುಂದೆ ಕಡಿದಾದ ಇಳಿಜಾರು, ಅದರ ಕೆಳಗೆ ಶೋಲಾ ಕಾಡು. ಬೆಳಕು ಇನ್ನೊಂದು ಗಂಟೆಯಷ್ಟಿತ್ತು.

ಜೀಪಿನ ಕಬ್ಬಿಣದ ಪ್ರಭಾವದಲ್ಲಿ ಅರ್ಧದಷ್ಟನ್ನು ಗಡಿಯಾರ ತನ್ನದೆಂದು ಬರೆದುಕೊಂಡು, ಜೀಪೇ ಇಲ್ಲದ ಗುಡ್ಡದ ಮೇಲೂ ಅದನ್ನು ಕಳೆಯುತ್ತ ಬಂದಿತ್ತು. ಅಷ್ಟೇ ಅಲ್ಲ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಗಣಿ ತೋಡಿ ತೆಗೆದದ್ದು ಮ್ಯಾಗ್ನೆಟೈಟ್ ಅದಿರನ್ನು, ಅಂದರೆ ಆಯಸ್ಕಾಂತದ ಕಲ್ಲನ್ನೇ. ಅಂಥ ನೆಲದ ಮೇಲೆ ದಿಕ್ಸೂಚಿಯನ್ನು ನಂಬಿ ನಡೆದ ನನ್ನ ಬುದ್ಧಿಗೆ ಏನೆನ್ನಬೇಕು? ತಪ್ಪಿನಲ್ಲಿ ಜೀಪಿನ ಪಾಲೆಷ್ಟು, ಗುಡ್ಡದ ಪಾಲೆಷ್ಟು ಎಂದು ಲೆಕ್ಕ ಹಾಕುವ ದಾರಿ ಈಗ ಇಲ್ಲ. ನನ್ನ ಪಾಲು ಮಾತ್ರ ಗೊತ್ತಿದೆ.

ರಾತ್ರಿ ಕಾಲಿಗೆ ಹತ್ತಿದ ಉಂಬಳಗಳಿಗೆ ಉಪ್ಪು ಹಾಕುತ್ತ ತಮ್ಮ ಹೇಳಿದ: "ಅಪ್ಪಯ್ಯನ ವಿಷಯದಲ್ಲೂ ನೀನು ಹೀಗೇ ಮಾಡ್ದೆ." ಸಿಟ್ಟಿರಲಿಲ್ಲ. ಹೊರಗೆ ಮಳೆ ಬರುತ್ತಿದೆ ಅನ್ನುವ ಹಾಗೆ ಹೇಳಿದ.

ಆ ವಿಷಯ ಇಷ್ಟು. ಅಮ್ಮ ಹೋದ ಎರಡನೇ ವರ್ಷ ಅಪ್ಪಯ್ಯನಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಊರಿನಲ್ಲಿ ತಮ್ಮನಿದ್ದ, ತೋಟವಿತ್ತು. ಒಳ್ಳೆಯ ಆಸ್ಪತ್ರೆ ಇರಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅಪ್ಪಯ್ಯ ಅಲ್ಲಿ ಬದುಕೋದಿಲ್ಲ ಅಣ್ಣ ಎಂದು ತಮ್ಮ ಅಂದ. ನಾನು ದುಡುಕಲಿಲ್ಲ. ರಾತ್ರಿಗಟ್ಟಲೆ ಯೋಚಿಸಿದೆ. ಇದರಲ್ಲಿ ನನ್ನ ಅನುಕೂಲವೇನಾದರೂ ಅಡಗಿದೆಯೇ, ನಾಲ್ಕು ಜನ ಮೆಚ್ಚಲಿ ಎಂಬ ಆಸೆ ಇದೆಯೇ ಎಂದು ನನ್ನನ್ನೇ ಪಾಟೀಸವಾಲು ಮಾಡಿಕೊಂಡೆ. ಹೆಂಡತಿಯನ್ನು ಕೇಳಿದೆ, ಆಫೀಸಿನ ಗೆಳೆಯರನ್ನು ಕೇಳಿದೆ, ಪರಿಚಯದ ಡಾಕ್ಟರನ್ನು ಕೇಳಿದೆ. ಎಲ್ಲರೂ ಸರಿ ಎಂದರು. ಆತ್ಮಸಾಕ್ಷಿಯೂ ಸರಿ ಎಂದಿತು. ನಾನು ಕೇಳಿದವರೆಲ್ಲ ಬೆಂಗಳೂರಿನವರು, ಅಥವಾ ನನ್ನ ಹಾಗೆ ಊರು ಬಿಟ್ಟು ಬಂದವರು ಎನ್ನುವುದು ಆಗ ಹೊಳೆಯಲಿಲ್ಲ. ನಾನು ತಿರುಗಿದ್ದೆ ನಿಜ, ಆದರೆ ಜೀಪಿನ ಪಕ್ಕ ನಿಂತು ತಿರುಗಿದ್ದೆ.

ಅಪ್ಪಯ್ಯ ನಮ್ಮ ಫ್ಲಾಟಿನಲ್ಲಿ 14 ತಿಂಗಳು ಇದ್ದರು. ಬೆಳಿಗ್ಗೆ ಎದ್ದು ಸೂರ್ಯನಿಗೆ ಅರ್ಘ್ಯ ಬಿಡಬೇಕು, ಎದುರಿನ ಕಟ್ಟಡ ಅಡ್ಡ. "ಇಲ್ಲಿ ಮೂಡು ಯಾವ ಕಡೆಗೋ?" ಎಂದು ಕೇಳುತ್ತಿದ್ದರು. ಬಡಗು, ತೆಂಕು, ಮೂಡು, ಪಡು ಎನ್ನುವುದು ಅವರ ಮಾತಿನೊಳಗೇ ಇತ್ತು. ಪಡುಗಡೆ ಗದ್ದೆ, ಬಡಗಣ ಮನೆ ಎನ್ನುತ್ತಿದ್ದವರಿಗೆ ದಿಕ್ಕನ್ನು ಯಾರಲ್ಲಾದರೂ ಕೇಳಿ ಗೊತ್ತೇ ಇರಲಿಲ್ಲ. ನಾನು ಗಡಿಯಾರ ಹಿಡಿದು ತೋರಿಸಿದೆ. ಹಾಲಿನಲ್ಲಿ ಒಂದು ಕಡೆ ತೋರಿಸಿತು, ಅವರ ಕೋಣೆಯಲ್ಲಿ ಇನ್ನೊಂದು ಕಡೆ. ಗೋಡೆ, ತಾರಸಿಗಳ ಒಳಗಿನ ಸರಳುಗಳ ಮಹಿಮೆ. ಅಪ್ಪಯ್ಯ ನಕ್ಕರು. "ನಿನ್ನ ಮನೇಲಿ ಕೋಣೆಗೊಂದು ಮೂಡಲಾ?" ನಾನೂ ನಕ್ಕೆ. ಚಿಕಿತ್ಸೆ ಚೆನ್ನಾಗಿಯೇ ಆಯಿತು. ಊರಿನಲ್ಲಿದ್ದರೆ ಅಷ್ಟು ದಿನವೂ ಇರುತ್ತಿರಲಿಲ್ಲವೇನೋ. ಅದಕ್ಕೇ ಈ ಲೆಕ್ಕ ಇನ್ನೂ ಮುಗಿದಿಲ್ಲ.

ಕಬ್ಬಿಣದ ಹಡಗುಗಳು ಬಂದ ಕಾಲದಲ್ಲಿ ನಾವಿಕರಿಗೂ ಇದೇ ತಲೆನೋವು ಶುರುವಾಗಿತ್ತು. ಇಂಗ್ಲೆಂಡಿನ ರಾಜ ಖಗೋಳಜ್ಞ ಜಾರ್ಜ್ ಏರಿ 1838ರಲ್ಲಿ ರೈನ್‌ಬೋ ಎಂಬ ಹಡಗನ್ನು ನಿಂತಲ್ಲೇ ಎಲ್ಲ ದಿಕ್ಕಿಗೂ ತಿರುಗಿಸಿ, ಮುಳ್ಳು ಎಷ್ಟೆಷ್ಟು ತಪ್ಪುತ್ತದೆಂದು ಅಳೆದು, ಪಕ್ಕದಲ್ಲಿ ಆಯಸ್ಕಾಂತಗಳನ್ನಿಟ್ಟು ಸರಿಪಡಿಸಿದ. ನನ್ನ ಗಡಿಯಾರ ಎರಡು ಗುಂಡಿಯೊತ್ತಿನಲ್ಲಿ ಮಾಡುವುದರ ಅಜ್ಜ ಇದು. 1854ರ ಜನವರಿಯಲ್ಲಿ ಟೇಲರ್ ಎಂಬ ಹೊಸ ಕಬ್ಬಿಣದ ಹಡಗು ವಲಸೆಗಾರರನ್ನು ತುಂಬಿಕೊಂಡು ಲಿವರ್‌ಪೂಲಿನಿಂದ ಆಸ್ಟ್ರೇಲಿಯಾಕ್ಕೆ ಹೊರಟಿತು. ಹೊರಡುವ ಮೊದಲು ಅದರ ದಿಕ್ಸೂಚಿಗಳನ್ನೂ ಸರಿಪಡಿಸಲಾಗಿತ್ತು. ದಕ್ಷಿಣಕ್ಕೆ ಹೋಗುತ್ತಿದ್ದೇವೆ ಎಂದುಕೊಂಡವರು ಪಶ್ಚಿಮಕ್ಕೆ ಹೋಗಿ, ಎರಡೇ ದಿನದಲ್ಲಿ ಐರ್ಲೆಂಡಿನ ಬಳಿಯ ಲ್ಯಾಂಬೇ ದ್ವೀಪದ ಬಂಡೆಗೆ ಬಡಿದರು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ವಿಲಿಯಂ ಸ್ಕೋರ್ಸ್‌ಬಿ ಎಂಬಾತ ಇದರ ಬೆನ್ನು ಹತ್ತಿದ. ತಿಮಿಂಗಿಲ ಬೇಟೆಯ ಹಡಗಿನಲ್ಲಿ ಬೆಳೆದು, ವಿಜ್ಞಾನಿಯಾಗಿ, ಪಾದ್ರಿಯೂ ಆದವನು. ಅವನ ವಾದ ಸರಳ: ಕಟ್ಟುವಾಗ ಬಿದ್ದ ಸುತ್ತಿಗೆಯ ಪೆಟ್ಟುಗಳಿಂದ ಹಡಗಿನ ಮೈಗೆ ಒಂದು ಬಗೆಯ ಕಾಂತತ್ವ ಬಂದಿರುತ್ತದೆ, ಸಮುದ್ರದಲ್ಲಿ ಅಲೆಗಳ ಪೆಟ್ಟು ಬಿದ್ದಾಗ ಅದು ಬದಲಾಗುತ್ತದೆ. ಬಂದರಿನಲ್ಲಿ ಮಾಡಿದ ತಿದ್ದುಪಡಿ ಆಗ ಉಪಕಾರ ಮಾಡುವುದಿಲ್ಲ, ಅಪಾಯವನ್ನೇ ತರುತ್ತದೆ. ಇದನ್ನು ಪರೀಕ್ಷಿಸಲು 1856ರಲ್ಲಿ, ಅರವತ್ತು ದಾಟಿದ ಮೇಲೆ, ತಾನೇ ಕಬ್ಬಿಣದ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ. ಹಡಗಿನ ಕಬ್ಬಿಣದಿಂದ ದೂರವಾಗಿ, ಕೂವೆಮರದ ಎತ್ತರದಲ್ಲಿ ಇನ್ನೊಂದು ದಿಕ್ಸೂಚಿ ಇರಲಿ, ಕೆಳಗಿನದನ್ನು ಅದರ ಜೊತೆ ತಾಳೆ ನೋಡುತ್ತಿರಿ ಎನ್ನುವುದು ಅವನ ಸಲಹೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೂವೆಮರದ ಮೇಲಿನ ಆ ಇನ್ನೊಂದು ದಿಕ್ಸೂಚಿ. ನಿನ್ನನ್ನು ನೀನು ಪರೀಕ್ಷಿಸಿಕೋ ಎಂದು ಹೇಳದ ಧರ್ಮವಿಲ್ಲ, ಗುರುವಿಲ್ಲ. ನಾನು ಪರೀಕ್ಷಿಸಿಕೊಂಡಿದ್ದೆ. ಪ್ರಾಮಾಣಿಕತೆಯಲ್ಲಿ ಕೊರತೆ ಇರಲಿಲ್ಲ. ಇದ್ದಿದ್ದರೆ ಒಳಗೆಲ್ಲೋ ಅಳುಕಾದರೂ ಇರುತ್ತಿತ್ತು, ತಮ್ಮನ ಮಾತಿಗೆ ಆ ಸಂದಿಯಲ್ಲಿ ಜಾಗ ಸಿಗುತ್ತಿತ್ತು. ಪರೀಕ್ಷೆ ಮಾಡಿಕೊಂಡೆನೆಂಬ ಧೈರ್ಯವೇ ಆ ಸಂದಿಯನ್ನು ಮುಚ್ಚಿತು. ಕ್ಯಾಲಿಬ್ರೇಟ್ ಮಾಡದ ಗಡಿಯಾರವನ್ನು ಕುದುರೆಮುಖದಲ್ಲಿ ನಾನು ಅಷ್ಟು ನಂಬುತ್ತಿರಲಿಲ್ಲ.

ಹಾಗಾದರೆ ಏನನ್ನೂ ನಿರ್ಧರಿಸಲಾಗದೆ ಕೈಕಟ್ಟಿ ಕೂರಬೇಕೆ ಎಂದು ಕೇಳಬಹುದು. ಅಪ್ಪಯ್ಯನಿಗೆ ಎದೆ ನೋವು ಬಂದಾಗ ಯಾರಾದರೂ ಏನನ್ನಾದರೂ ನಿರ್ಧರಿಸಲೇಬೇಕಿತ್ತು. ಇವತ್ತು ಅದೇ ಪರಿಸ್ಥಿತಿ ಬಂದರೆ ನಾನು ಬೇರೆ ತೀರ್ಮಾನ ಮಾಡುತ್ತೇನೆಂದು ಧೈರ್ಯವಾಗಿ ಹೇಳಲಾರೆ. ತಮ್ಮನ ಎದುರು ಕೂತು ಕೇಳುತ್ತಿದ್ದೆ, ಅಷ್ಟೆ. ಅದಕ್ಕಿಂತ ಮೊದಲು ಅಪ್ಪಯ್ಯನನ್ನು. ಆ 14 ತಿಂಗಳಲ್ಲಿ ಅವರೇ ನನ್ನನ್ನು ದಿನಾ ಕೇಳುತ್ತಿದ್ದರು, ಮೂಡು ಯಾವ ಕಡೆಗೆಂದು. ನಾನು ಅವರನ್ನು ಒಮ್ಮೆಯೂ ಕೇಳಿರಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ, ಅಡಿಕೆ ಹರವುವ ಅಂಗಳದ ನಟ್ಟನಡುವೆ ನಿಂತು ಗಡಿಯಾರವನ್ನು ಮತ್ತೆ ಸರಿಮಾಡಲು ಹೊರಟೆ. ಸುತ್ತ ಜೀಪಿಲ್ಲ, ಸರಳಿಲ್ಲ, ಕಾಲ ಕೆಳಗೆ ಬರೀ ಮಣ್ಣು. ಕೈ ಚಾಚಿ ಒಮ್ಮೆ ಒತ್ತಿ, ಗಡಿಯಾರ ಅದೇ ಜಾಗದಲ್ಲಿ ಉಳಿಯುವ ಹಾಗೆ ಅದರ ಸುತ್ತ ನಾನೇ ಹೆಜ್ಜೆಯಿಟ್ಟು ತಿರುಗುತ್ತಿದ್ದೆ. ತಮ್ಮ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ ನೋಡುತ್ತಿದ್ದ.

"ಅಣ್ಣ, ಅಂಗಿ ಜೇಬಲ್ಲಿ ಮೊಬೈಲ್ ಇದ್ಯಲ್ಲೋ."

ಇತ್ತು. ತೆಗೆದು ಅವನ ಪಕ್ಕ ಜಗಲಿಯ ಮೇಲಿಟ್ಟು ಬಂದು, ಮೊದಲಿನಿಂದ ಶುರು ಮಾಡಿದೆ.