ಎಲೆಯ ಲೆಕ್ಕ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ವರ್ಷವಿಡೀ ಬರುತ್ತಲೇ ಇರುತ್ತದೆ. ಊರ ಹೆಸರು ಬದಲಾಗುತ್ತದೆ, ಸಿಕ್ಕ ಹಣದ ಮೊತ್ತ ಬದಲಾಗುತ್ತದೆ, ಉಳಿದದ್ದೆಲ್ಲ ಅದೇ. ಸಾರ್ವಜನಿಕ ಸ್ಥಳ, ಬೇವಿನ ಮರದ ನೆರಳು, ದುಂಡಾಗಿ ಕೂತ ಗಂಡಸರು, ನಡುವೆ ಐವತ್ತೆರಡು ಇಸ್ಪೀಟ್ ಎಲೆ, ಆಟದ ಹೆಸರು ಅಂದರ್ ಬಾಹರ್. ಕೇಸು: ಕರ್ನಾಟಕ ಪೊಲೀಸ್ ಕಾಯ್ದೆ, 1963, ಕಲಂ 87.

ಇದೇ ಸಿಂಧನೂರಿನಿಂದ ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಘಟ್ಟ ಇಳಿದರೆ ಪಣಜಿ. ಅಲ್ಲಿ ಮಾಂಡೋವಿ ನದಿಯಲ್ಲಿ ದೀಪ ಹೊತ್ತು ನಿಂತ ಹಡಗುಗಳಿವೆ. ದುಡ್ಡು ಕೊಟ್ಟು, ಕೈಗೆ ಪಟ್ಟಿ ಕಟ್ಟಿಸಿಕೊಂಡು, ಸಣ್ಣ ದೋಣಿ ಹತ್ತಿ ಹೋದವರಿಗೆ ಹಸಿರು ಬಟ್ಟೆಯ ಮೇಜಿನ ಮೇಲೆ ಕಾಣುವುದೂ ಅಂದರ್ ಬಾಹರ್. ನಡುವೆ ಒಂದು ಎಲೆ ತೆರೆಯುತ್ತಾರೆ, ಅದರ ಜೋಡಿ ಒಳಗೆ ಬೀಳುತ್ತದೋ ಹೊರಗೋ ಎಂದು ಪಣ ಕಟ್ಟುತ್ತಾರೆ. ಎಲೆ ಹಂಚುವವರು ಟೈ ಕಟ್ಟಿರುತ್ತಾರೆ, ನೋಟಿನ ಬದಲು ಬಣ್ಣದ ಬಿಲ್ಲೆ ಇರುತ್ತದೆ. ಬೇವಿನ ಮರದ ನೆರಳಿನಲ್ಲಿ ಅಪರಾಧವಾಗಿದ್ದ ಆಟ ಅಲ್ಲಿ ಪ್ರವಾಸೋದ್ಯಮ.

ಹಾಗಾದರೆ ಜೂಜಿನಲ್ಲಿ ಪಾಪವೆಂಬುದು ಇದ್ದರೆ ಅದು ಇರುವುದೆಲ್ಲಿ? ಎಲೆಯಲ್ಲೋ, ಆಡುವ ಕೈಯಲ್ಲೋ, ನಿಂತ ನೆಲದಲ್ಲೋ?

ಗೋವಾದ ಕಾನೂನು ನೆಲ ಎನ್ನುತ್ತದೆ. 1976ರ ಅಲ್ಲಿನ ಕಾಯ್ದೆ ಜೂಜನ್ನು ನಿಷೇಧಿಸಿತ್ತು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳ ಯಂತ್ರಗಳಿಗೆ ಬಾಗಿಲು ತೆರೆಯಿತು, 1996ರದು ನೀರಿನ ಮೇಲಿನ ಹಡಗುಗಳಿಗೆ. ಹೀಗೆ ಹುಟ್ಟಿದ್ದು ಪಯಣ ಹೋಗದ ಹಡಗು: ದಡದಿಂದ ಕೂಗಿದರೆ ಕೇಳುವಷ್ಟು ಹತ್ತಿರವಿದ್ದೂ ಕಾನೂನಿನ ಕಣ್ಣಿಗೆ ನೆಲವಲ್ಲದ್ದು, ಮನುಷ್ಯರೇ ಕಟ್ಟಿಕೊಂಡ ದ್ವೀಪ. ಈ ದ್ವೀಪಕ್ಕೆ ಗೋವೆಯವರಿಗೇ ಪ್ರವೇಶವಿಲ್ಲ. 2020ರ ಫೆಬ್ರವರಿ 1ರಿಂದ ಸ್ಥಳೀಯರು ಕ್ಯಾಸಿನೊ ಆಟದ ಕೋಣೆಗೆ ಕಾಲಿಡುವಂತಿಲ್ಲ. ನೇಪಾಳದಲ್ಲೂ ಅಷ್ಟೇ: ಆಡಲಿಕ್ಕೆ ಹೊರಗಿನವರು ಬರಬೇಕು, ನೇಪಾಳಿಗಳು ಒಳಗೆ ಬರಕೂಡದು. ಮನೆಮಂದಿಗೆ ಉಣಬಡಿಸದ ಅಡುಗೆಯನ್ನು ನೆಂಟರಿಗಷ್ಟೇ ಮಾಡಿದಂತೆ. ಆ ಅಡುಗೆಯ ಬಗ್ಗೆ ಅಡುಗೆಯವರ ಅಭಿಪ್ರಾಯವೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಹಳೆಯ ಶಾಸ್ತ್ರಕಾರರಲ್ಲೂ ಒಮ್ಮತವಿರಲಿಲ್ಲ. ದ್ಯೂತವನ್ನು ರಾಜ್ಯದಿಂದಲೇ ಅಟ್ಟಬೇಕು ಎಂದವನು ಮನು. ಜೈನರ ಏಳು ವ್ಯಸನಗಳಲ್ಲಿ ಜೂಜೂ ಒಂದು. ಕುರ್‌ಆನ್ ಅದನ್ನು ಮದ್ಯದ ಪಕ್ಕದಲ್ಲೇ ಇಟ್ಟು ನಿಷೇಧಿಸುತ್ತದೆ. ಬುದ್ಧ ಸಿಗಾಲನೆಂಬ ಗೃಹಸ್ಥನಿಗೆ ಜೂಜಿನ ಆರು ಕೇಡುಗಳನ್ನು ಹೇಳಿದಾಗ ಅವುಗಳಲ್ಲೊಂದು ಬಹಳ ವ್ಯಾವಹಾರಿಕವಾಗಿತ್ತು: ಜೂಜುಕೋರನಿಗೆ ಯಾರೂ ಹೆಣ್ಣು ಕೊಡುವುದಿಲ್ಲ.

ಇವರ ನಡುವೆ ಬೇರೆ ದಾರಿ ಹಿಡಿದವನು ಯಾಜ್ಞವಲ್ಕ್ಯ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ಈ ಸೀಮೆಯೇ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟುಕೊಂಡಿರುವಾಗ ಆ ಗ್ರಂಥವನ್ನು ನೆಂಟನೆಂದು ಕರೆಯಲು ಅಡ್ಡಿಯಿಲ್ಲ. ಅದರಲ್ಲಿ ದ್ಯೂತಕ್ಕೆ ಒಂದು ಪ್ರಕರಣವೇ ಇದೆ. ಜೂಜು ಒಂದೇ ಕಡೆ, ಒಬ್ಬ ಮೇಲ್ವಿಚಾರಕನ ಕೈಕೆಳಗೆ ನಡೆಯಬೇಕು. ಕಳ್ಳರನ್ನು ಪತ್ತೆಹಚ್ಚಲು ಅದರಿಂದ ಅನುಕೂಲ. ಜೂಜುಕಟ್ಟೆಯ ಒಡೆಯ ‘ಸಭಿಕ’ ದೊಡ್ಡ ಗೆಲುವಿನಲ್ಲಿ ನೂರಕ್ಕೆ ಐದು, ಉಳಿದದ್ದರಲ್ಲಿ ನೂರಕ್ಕೆ ಹತ್ತು ತೆಗೆದುಕೊಂಡು ರಾಜನ ಪಾಲನ್ನು ರಾಜನಿಗೆ ಸಲ್ಲಿಸಬೇಕು. ಕ್ಯಾಸಿನೊ ಪರವಾನಗಿಯ ತರ್ಕ ಒಂಬೈನೂರು ವರ್ಷ ಹಿಂದೆಯೇ ಬೀದರದ ಕೆಂಪು ನೆಲದಲ್ಲಿ ಚರ್ಚೆಯಾಗಿತ್ತು.

ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಕಲ್ಯಾಣದ ಸಭಿಕ ಗೆದ್ದವನಿಂದ ಪಾಲು ಪಡೆಯುತ್ತಿದ್ದ. ಆಡುತ್ತಿದ್ದವರು ಮನುಷ್ಯರು, ಎದುರುಬದುರು. ಇಂದಿನ ಕ್ಯಾಸಿನೊ ತಾನೇ ಎದುರಾಳಿಯಾಗಿ ಕೂರುತ್ತದೆ, ಅದೂ ದಣಿಯದ, ನಿದ್ದೆ ಬಾರದ, ಲೆಕ್ಕ ಮೊದಲೇ ಮುಗಿಸಿಕೊಂಡು ಬಂದ ಎದುರಾಳಿ. ಯುರೋಪಿಯನ್ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ. ಒಂದೇ ಅಂಕಿಯ ಮೇಲೆ ಕಟ್ಟಿ ಗೆದ್ದವನಿಗೆ ಪಣದ 35 ಪಟ್ಟು ಕೊಡುತ್ತಾರೆ. ಆ ಒಂದು ಸೊನ್ನೆಯ ಮನೆಯಿಂದಾಗಿ ಕಟ್ಟಿದ ಪ್ರತಿ ನೂರು ರೂಪಾಯಿಯಲ್ಲಿ ಸರಾಸರಿ 2 ರೂಪಾಯಿ 70 ಪೈಸೆ ಒಡೆಯನಿಗೆ ಉಳಿಯುತ್ತದೆ. ಅಂದರ್ ಬಾಹರ್‌ನಲ್ಲಿ ಮೊದಲ ಎಲೆ ಬೀಳುವ ಬದಿ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 51.5. ಮೇಜಿನ ಯಜಮಾನ ಅದನ್ನು ಬಲ್ಲ. ಆದ್ದರಿಂದಲೇ ಆ ಬದಿ ಗೆದ್ದರೆ ಸಾಮಾನ್ಯವಾಗಿ ರೂಪಾಯಿಗೆ ರೂಪಾಯಿ ಸಿಗುವುದಿಲ್ಲ, ತೊಂಬತ್ತು ಪೈಸೆಯಷ್ಟೇ. ಮರದ ಕೆಳಗೆ ದುಂಡಾಗಿ ಕೂತವರಲ್ಲಿ ಈ ಒಂದೂವರೆಯ ಲೆಕ್ಕ ಎಷ್ಟು ಜನರಿಗೆ ಗೊತ್ತೋ.

ಇನ್ನು ಮಟ್ಕಾ. ರಾಯಚೂರು, ಕೊಪ್ಪಳದ ಕಡೆ ‘ರೂಪಾಯಿಗೆ ಎಂಬತ್ತು’ ಎಂಬ ಮಾತನ್ನು ಯಾರಿಗೂ ವಿವರಿಸಬೇಕಿಲ್ಲ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಜೋಡಿ ಅಂಕಿ, ಹತ್ತಿದರೆ ಎಂಬತ್ತು. ಉಳಿದ ಇಪ್ಪತ್ತು ಪಟ್ಟಿ ಬರೆದುಕೊಂಡವನ ಪಾಲು. ಹಡಗಿನ ಚಕ್ರ ನೂರಕ್ಕೆ ಮೂರೂ ಮುಟ್ಟದಿರುವಾಗ ಊರ ಚೀಟಿ ಇಪ್ಪತ್ತು ಕೀಳುತ್ತದೆ. ಬಡವನ ಜೂಜೇ ದುಬಾರಿ. ಪಾಪವನ್ನು ಕಾಯ್ದೆಯಿಂದಲ್ಲದೆ ಲೆಕ್ಕದಿಂದ ಅಳೆಯುವುದಾದರೆ ಬೇವಿನ ಮರಕ್ಕಿಂತ, ಹಡಗಿಗಿಂತ, ಚಹಾ ಅಂಗಡಿಯ ಹಿಂದಿನ ಆ ಚೀಟಿಯೇ ಹೆಚ್ಚು ತೂಗುತ್ತದೆ.

ಲೆಕ್ಕದ ಮಾತು ಬಂದಾಗ ನಳನ ಕಥೆ ನೆನಪಾಗದೆ ಇರದು. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರ ಮನೆಮಾತಾದ ಕಥೆ. ಕಲಿ ಹೊಕ್ಕ ನಳ ಪುಷ್ಕರನ ಎದುರು ರಾಜ್ಯ ಸೋತು ಕಾಡುಪಾಲಾದದ್ದು ಎಲ್ಲರಿಗೂ ಗೊತ್ತು. ಅವನು ಚೇತರಿಸಿಕೊಂಡ ಬಗೆ ಮಾತ್ರ ಅಷ್ಟಾಗಿ ಚರ್ಚೆಯಾಗಿಲ್ಲ. ಮಹಾಭಾರತದ ವನಪರ್ವದಲ್ಲಿ, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗಿದ್ದ ನಳ ರಥ ಓಡಿಸುತ್ತಿರುವಾಗ ದಾರಿಯಲ್ಲೊಂದು ತಾರೆ ಮರ ಸಿಗುತ್ತದೆ. ತ್ರಿಫಲ ಚೂರ್ಣದ ಅಳಲೆ, ತಾರೆ, ನೆಲ್ಲಿಯ ತಾರೆಯೇ ಅದು. ವೇದಕಾಲದ ಜೂಜಿನ ದಾಳ ಇದೇ ಮರದ ಕಾಯಿ. ಋತುಪರ್ಣ ಎರಡು ಕೊಂಬೆಗಳನ್ನು ಕಣ್ಣಲ್ಲೇ ಅಳೆದು, ಎಲೆ ಐದು ಕೋಟಿ, ಹಣ್ಣು ಎರಡು ಸಾವಿರದ ತೊಂಬತ್ತೈದು ಎಂದುಬಿಡುತ್ತಾನೆ. ನಳನಿಗೆ ನಂಬಿಕೆಯಿಲ್ಲ. ರಥ ನಿಲ್ಲಿಸಿ, ಮರ ಕಡಿದು, ಹಣ್ಣು ಎಣಿಸುತ್ತಾನೆ. ಲೆಕ್ಕ ಸರಿಯಾಗಿದೆ! ತನ್ನ ಅಶ್ವವಿದ್ಯೆಗೆ ಬದಲಾಗಿ ನಳ ‘ಅಕ್ಷಹೃದಯ’ವನ್ನು, ದಾಳದ ಒಳಗುಟ್ಟನ್ನು, ಕಲಿಯುತ್ತಾನೆ. ಕಲಿತ ಗಳಿಗೆಯಲ್ಲೇ ಕಲಿ ಅವನ ಮೈಯಿಂದ ಹೊರಬಿದ್ದು ತಾರೆ ಮರದಲ್ಲಿ ಅಡಗುತ್ತಾನೆ.

ಕಲಿಯನ್ನು ಹೊರಗಟ್ಟಿದ್ದು ತಪಸ್ಸಲ್ಲ, ಪಶ್ಚಾತ್ತಾಪವಲ್ಲ, ಇನ್ನು ಆಡೆನೆಂಬ ಆಣೆಯಲ್ಲ. ಎಣಿಕೆ. ಸಂಭವನೀಯತೆಯ ಗಣಿತ ಹುಟ್ಟಿದ್ದು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಒಗಟೊಂದರ ಬಗ್ಗೆ ಬರೆದುಕೊಂಡ ಪತ್ರಗಳಲ್ಲಿ ಎಂದು ಪಠ್ಯಗಳು ಹೇಳುತ್ತವೆ. ಆ ಶಾಸ್ತ್ರದ ಚರಿತ್ರೆ ಬರೆದ ತತ್ತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ 1975ರ ತಮ್ಮ ಪುಸ್ತಕದಲ್ಲಿ ಋತುಪರ್ಣನ ಮರದ ಬಳಿಯೂ ನಿಂತು ಮುಂದೆ ಹೋದರು. ಎರಡು ಕೊಂಬೆ ನೋಡಿ ಕಾಣದ್ದನ್ನು ಅಂದಾಜಿಸುವುದನ್ನು ಇಂದು ಸ್ಯಾಂಪಲ್ ಸಮೀಕ್ಷೆ ಎನ್ನುತ್ತಾರೆ. ಇಸ್ಪೀಟನ್ನೂ ಕನ್ನಡದವರು ‘ಎಲೆ’ ಎಂದೇ ಕರೆಯುವುದು ಕಾಕತಾಳೀಯವಿರಬಹುದು, ಆದರೂ ಚೆಂದ.

ಕಥೆಯ ಮುಂದಿನ ಭಾಗ ನೀತಿಪಾಠ ಹೇಳುವವರಿಗೆ ಇರುಸುಮುರುಸು ತರುತ್ತದೆ. ನಳ ಊರಿಗೆ ಮರಳಿ ಮತ್ತೆ ಪುಷ್ಕರನೊಂದಿಗೆ ಜೂಜಾಡುತ್ತಾನೆ. ಮೊದಲ ಸಲ ದಮಯಂತಿಯನ್ನು ಪಣಕ್ಕಿಡಲು ಒಪ್ಪದೆ ಉಟ್ಟ ಬಟ್ಟೆಯಲ್ಲಿ ಹೊರಟವನು ಈ ಸಲ ಅವಳನ್ನೂ ಒಡ್ಡುತ್ತಾನೆ, ಒಂದೇ ಎಸೆತಕ್ಕೆ ಗೆಲ್ಲುತ್ತಾನೆ. ಈ ಕಥೆಯನ್ನು ಬೃಹದಶ್ವ ಮುನಿ ಹೇಳುವುದಾದರೂ ಯಾರಿಗೆ? ಎಲ್ಲ ಸೋತು ಕಾಡಿಗೆ ಬಂದ ಧರ್ಮರಾಯನಿಗೆ. ಹೇಳಿ ಮುಗಿಸಿ ಅಕ್ಷಹೃದಯವನ್ನೂ ಕಲಿಸುತ್ತಾನೆ. ಮುಂದೆ ವಿರಾಟನ ಆಸ್ಥಾನದಲ್ಲಿ ಧರ್ಮರಾಯ ಕಂಕಭಟ್ಟನಾಗಿ ಹೊಟ್ಟೆ ಹೊರೆದದ್ದು ರಾಜನೊಂದಿಗೆ ಪಗಡೆಯಾಡಿಕೊಂಡು. ಜೂಜಿನಿಂದ ಕೆಟ್ಟವನಿಗೆ ಮಹಾಭಾರತ ಕೊಟ್ಟ ಮದ್ದು ಜೂಜಿನ ಜ್ಞಾನವೇ.

ಆದರೆ ಜ್ಞಾನದಿಂದ ಬಗೆಹರಿಯದ ಪ್ರಶ್ನೆಯೊಂದು ಸಭಾಪರ್ವದಲ್ಲಿದೆ. ಗೋವಾಕ್ಕೆ ಹೊರಟ ಸಿಂಧನೂರಿನ ಕಾರುಗಳು ಗದಗ ದಾಟುತ್ತವೆ. ಅಲ್ಲಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಆ ದ್ಯೂತವನ್ನು ಕನ್ನಡಕ್ಕೆ ಇಳಿಸಿದನೆಂದು ಪ್ರತೀತಿ. ಕ್ಯಾಸಿನೊ ಗಿರಾಕಿಗಳು ಅಲ್ಲಿ ಗಾಡಿ ನಿಲ್ಲಿಸುವ ಸಂಭವ ಕಡಿಮೆ. ದ್ರೌಪದಿ ಆ ದ್ಯೂತಸಭೆಯಲ್ಲಿ ದಾಳ ಮೋಸದ್ದೇ ಎಂದು ಕೇಳುವುದಿಲ್ಲ, ಆಟ ಧರ್ಮವೇ ಎಂದೂ ಕೇಳುವುದಿಲ್ಲ. ಅವಳ ಪ್ರಶ್ನೆ ಇಷ್ಟೇ: ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಒಡ್ಡುವ ಹಕ್ಕೆಲ್ಲಿಯದು? ಭೀಷ್ಮನೂ ಧರ್ಮ ಸೂಕ್ಷ್ಮವೆಂದು ತಲೆ ತಗ್ಗಿಸಿದ.

ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ ನಿಂತು ನೋಡಿದರೆ ಈ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ಹೆಸರಿನ ಆ ಎರಡಕ್ಷರ ಪುನರ್ವಸತಿ ಎಂಬುದರ ಇಂಗ್ಲಿಷ್ ಪದದ ತುಂಡು. ಸಿಂಧನೂರು ಸೀಮೆಯಲ್ಲಿ ಕ್ಯಾಂಪುಗಳಿಗೆ ಬರವಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂದ ಮೇಲೆ ಎಡದಂಡೆ ಕಾಲುವೆಯ ನೀರು ಹಿಂಬಾಲಿಸಿ ಆಂಧ್ರದ ರೈತರು ಕಟ್ಟಿಕೊಂಡ ಕ್ಯಾಂಪುಗಳೇ ಎಷ್ಟೋ. ಅವರು ಲೆಕ್ಕ ಹಾಕಿ ಬಂದವರು. ಆರ್.ಎಚ್. ಕ್ಯಾಂಪುಗಳ ಬಂಗಾಳಿಗಳು ಹಾಗೆ ಬಂದವರಲ್ಲ. ದೇಶ ವಿಭಜನೆಯ ಪಣದಲ್ಲಿ ಪೂರ್ವ ಬಂಗಾಳದ ನೆಲ ಕಳೆದುಕೊಂಡು ಬಂದವರನ್ನು ಸರ್ಕಾರ ಹಂಚಿತು: 1949ರಿಂದ ಒಂದಷ್ಟು ಕುಟುಂಬ ಅಂಡಮಾನಿಗೆ, 1958ರ ನಂತರ ಬಹಳಷ್ಟು ದಂಡಕಾರಣ್ಯಕ್ಕೆ, ಕೆಲವು ಈ ಎರೆನೆಲಕ್ಕೆ. ಅಂಡಮಾನಿನ ಅಂದಿನ ನೀಲ್, ಹ್ಯಾವ್‌ಲಾಕ್ ದ್ವೀಪಗಳಲ್ಲಿ ಕಾಡು ಕಡಿದು ಭತ್ತ ನಾಟಿದವರೂ, ಸಿಂಧನೂರಿನಲ್ಲಿ ಭತ್ತ ನಾಟಿದವರೂ ಒಂದೇ ಕಟ್ಟಿನಿಂದ ಹಂಚಿದ ಎಲೆಗಳು. ಆ ದ್ವೀಪಗಳು ಇಂದು ಮಧುಚಂದ್ರದ ಜಾಹೀರಾತು. ಮೂರನೆಯ ತಲೆಮಾರು ಕನ್ನಡದಲ್ಲಿ ಓದಿ ಬೆಳೆದ ಮೇಲೂ ಪೌರತ್ವದ ಕಾಗದಕ್ಕಾಗಿ ಕೆಲವರು ಅಲೆಯಬೇಕಾಯಿತು. ಇವರು ಆಡಿ ಸೋತವರಲ್ಲ, ಬೇರೆಯವರ ಆಟದಲ್ಲಿ ಪಣವಾಗಿದ್ದವರು. ಒಡ್ಡುವ ಹಕ್ಕು ಯಾರಿಗಿತ್ತು ಎಂದು ಅವರನ್ನು ಯಾವ ಸಭೆಯಲ್ಲೂ ನಿಲ್ಲಿಸಿ ಕೇಳಲಿಲ್ಲ, ಕೇಳಗೊಡಲೂ ಇಲ್ಲ.

ಜೂಜಾಡಬೇಡ, ಹೊಲ ಉಳು ಎಂಬ ಬುದ್ಧಿವಾದಕ್ಕೆ ಮೂರು ಸಾವಿರ ವರ್ಷದ ವಯಸ್ಸು. ಋಗ್ವೇದದ ಹತ್ತನೇ ಮಂಡಲದ ಜೂಜುಕೋರನ ಸೂಕ್ತ ಅತ್ತೆಯ ತಾತ್ಸಾರ, ದೂರಾದ ಹೆಂಡತಿ ಎಲ್ಲವನ್ನೂ ತೋಡಿಕೊಂಡು ಕೊನೆಗೆ ಈ ಮಾತಿಗೆ ಬಂದು ನಿಲ್ಲುತ್ತದೆ. ಎಡದಂಡೆಯ ಕಾಲುವೆ ಅಂಚಿನ ರೈತ ಇದನ್ನು ಕೇಳಿದರೆ ನಗಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ್ದ ಕಟ್ಟೆಯನ್ನು ಅಷ್ಟಿಷ್ಟು ಖಾಲಿ ಮಾಡಿ ತಾತ್ಕಾಲಿಕ ಗೇಟು ಇಳಿಸುವವರೆಗೆ ಸುಮಾರು ಒಂದು ವಾರ, ಸಸಿ ಹಚ್ಚಿದವರು ಬೆಳಗೆದ್ದು ಕೇಳುತ್ತಿದ್ದುದು ನೀರಿನ ಅಂಕಿಯನ್ನೇ. ಒಂದು ಸರಪಳಿಯ ಕೊಂಡಿಗೆ ಕಟ್ಟಿದ ಪಣ ಅದು. ಯಾವ ಚಕ್ರದಲ್ಲೂ ಅಂಥ ಮನೆಯಿಲ್ಲ.

ಆದರೂ ಉಳುಮೆಯ ಪಣ ಬೇರೆ. ಗೇಟು ಕೊಚ್ಚಿಹೋದಾಗ ರೈತ ಸೋತದ್ದನ್ನು ಎದುರಿಗೆ ಕೂತು ಬಾಚಿಕೊಂಡವರು ಯಾರೂ ಇರಲಿಲ್ಲ. (ಸಾಲ ಕೊಟ್ಟವರನ್ನು ಬಿಟ್ಟು, ಎಂದು ಯಾರಾದರೂ ತಿದ್ದಿದರೆ ಒಪ್ಪಲೇಬೇಕು.) ಬೆಳೆ ಬಂದಾಗ ಇಲ್ಲದಿದ್ದ ಅಕ್ಕಿ ಹೊಸದಾಗಿ ಜಗತ್ತಿಗೆ ಬರುತ್ತದೆ. ಮೇಜಿನ ಮೇಲೆ ಹೊಸದಾಗಿ ಹುಟ್ಟುವುದು ಏನೂ ಇಲ್ಲ, ಇದ್ದದ್ದೇ ಜೇಬು ಬದಲಿಸುತ್ತದೆ.

ಧರ್ಮಕ್ಕೂ ಜೂಜಿಗೂ ನಡುವಿನ ಗೋಡೆ ಎಷ್ಟು ತೆಳು ಎಂಬುದು ಮಾತ್ರ ದಸರೆ ಮುಗಿದ ಹುಣ್ಣಿಮೆಗೆ ಕಾಣುತ್ತದೆ. ಪೂರ್ವ ಬಂಗಾಳದ ಮೂಲದ ಮನೆಗಳಿಗೆ ಅದು ಕೊಜಾಗರಿ ಲಕ್ಷ್ಮೀಪೂಜೆ. ಅಂಗಳದಿಂದ ಒಳಕೋಣೆಯವರೆಗೆ ಅಕ್ಕಿಹಿಟ್ಟಿನಲ್ಲಿ ಲಕ್ಷ್ಮಿಯ ಪುಟ್ಟ ಪಾದಗಳು. ನಡುರಾತ್ರಿ ದೇವಿ ‘ಯಾರು ಎಚ್ಚರವಾಗಿದ್ದೀರಿ?’ ಎಂದು ಕೇಳುತ್ತಾ ಬರುತ್ತಾಳೆ, ದಾಳವಾಡುತ್ತಾ ಎಚ್ಚರವಿದ್ದವರಿಗೆ ಸಂಪತ್ತು ಕೊಡುತ್ತಾಳೆ ಎಂಬುದು ಹಳೆಯ ಶಾಸ್ತ್ರವಾಕ್ಯ. ಅದೇ ಹುಣ್ಣಿಮೆ ಪಕ್ಕದ ಕನ್ನಡದ ಮನೆಗಳಿಗೆ ಸೀಗಿ ಹುಣ್ಣಿವೆ. ತೆನೆಗಟ್ಟಿದ ಹೊಲ ಬಸುರಿ ಹೆಂಗಸು, ಅವಳ ಬಯಕೆಗೆಂದು ಬುತ್ತಿ ಕಟ್ಟಿಕೊಂಡು ಹೋಗಿ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ ಬರುತ್ತಾರೆ. ಹಗಲು ಚರಗದವರು, ರಾತ್ರಿ ಲಕ್ಷ್ಮಿಯವರು, ಎರಡೂ ಮನೆಗಳ ಭತ್ತಕ್ಕೆ ಅದೇ ಕಾಲುವೆ. ಮರುದಿನ ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಎರಡೂ ಕಡೆಯವರು ಒಟ್ಟಿಗೆ ಕೂತು ಪತ್ರಿಕೆ ಬಿಡಿಸಿದರೆ ಮೊದಲು ಕಣ್ಣು ಹೋಗುವುದು ಜಲಾಶಯದ ಮಟ್ಟಕ್ಕೆ, ಆಮೇಲೆ ಒಳಪುಟಕ್ಕೆ, ನಿನ್ನೆ ಕಲಂ 87ರಲ್ಲಿ ಸಿಕ್ಕವರು ಯಾವ ಊರಿನವರೋ ನೋಡಲಿಕ್ಕೆ.