ಕೊಡುಗೆಯ ತೂಕ

ಒಬ್ಬರು ನಮಗಿತ್ತ ವಸ್ತು ಅಲ್ಪವಾಗಿದ್ದು, ಅದರಲ್ಲಿ ಒಂದೆರಡು ಕುಂದುಗಳೂ ಇದ್ದರೆ ಆ ಕೊಡುಗೆ ಕೀಳಾಯಿತೇ? ವ್ರತೋದ್ಯಾಪನೆ, ಮದುವೆ, ನಾಮಕರಣಗಳ ಸಂದರ್ಭದಲ್ಲಿ ಈ ಪ್ರಶ್ನೆ ಪ್ರತಿಯೊಂದು ಮನೆಯಲ್ಲಿಯೂ ಏಳುತ್ತದೆ. ಬಾಯಿಬಿಟ್ಟು ಕೇಳುವವರು ಕಡಿಮೆ. ಮನಸ್ಸಿನಲ್ಲಿ ತೂಗಿ ನೋಡುವವರೇ ಹೆಚ್ಚು.

ತೂಗುವ ವಿದ್ಯೆ ಕೋಲಾರದ ಚಿನ್ನದ ಗಣಿ, ಬಂಗಾರಪೇಟೆಗಳ ಕಡೆಯವರಾದ ನಮಗೆ ಹೊಸದಲ್ಲ. ಮೊದಲ ಕಾಲದಲ್ಲಿ ಇಲ್ಲಿಯ ಒಂದು ಟನ್ ಅದಿರಿನಿಂದ 40 ಗ್ರಾಮಿಗೂ ಹೆಚ್ಚು ಚಿನ್ನ ದೊರೆಯುತ್ತಿತ್ತು. ಕೊನೆಕೊನೆಗೆ ಅದು ಸುಮಾರು 3 ಗ್ರಾಮಿಗೆ ಇಳಿಯಿತು. ಮೂರು ಕಿಲೋಮೀಟರಿಗೂ ಮೀರಿದ ಆಳದವರೆಗೆ ತೋಡಿದ ಗಣಿಗಳಲ್ಲಿ ಮಾಡಿದ ಖರ್ಚು ಹುಟ್ಟದಾಯಿತು; 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಚಿನ್ನದ ವಿಷಯದಲ್ಲಿ ಈ ಲೆಕ್ಕ ನ್ಯಾಯವಾದುದೇ. ಕೊಡುಗೆಯನ್ನೂ ಅದೇ ತಕ್ಕಡಿಯಲ್ಲಿ ಇಡಬಹುದೇ ಎಂಬುದು ವಿಚಾರಣೀಯ.

ನಾನು ನಿವೃತ್ತನಾದಾಗ ಗಣಿಕಾರ್ಮಿಕರ ಮನೆತನದ ಒಬ್ಬ ವಿದ್ಯಾರ್ಥಿಯ ಅಜ್ಜಿ ಪುಸ್ತಕಗಳನ್ನಿಡಲು ಒಂದು ಕೈಚೀಲವನ್ನು ಹೊಲಿದು ತಂದರು. ಉಳಿದ ತುಂಡುಬಟ್ಟೆಗಳನ್ನು ಜೋಡಿಸಿದ್ದ ಚೀಲವದು. ಆಕೆಯ ದೃಷ್ಟಿ ಮಂದವಾಗಿದ್ದುದರಿಂದ ಒಂದು ಬದಿಯ ಹೊಲಿಗೆ ಓರೆಯಾಗಿತ್ತು. "ಚರ್ಮ ಇಲ್ಲ, ರೇಷ್ಮೆ ಇಲ್ಲ ಮೇಷ್ಟ್ರೇ, ಬರೀ ನೂಲು" ಎಂದರು. ನಾನು ಜೀವಹಿಂಸೆಯಿಂದಾದ ವಸ್ತುಗಳನ್ನು ಬಳಸುವುದಿಲ್ಲವೆಂಬುದನ್ನು ಆಕೆ ಮೊಮ್ಮಗನಿಂದ ಕೇಳಿ ತಿಳಿದು, ನೆನಪಿಟ್ಟುಕೊಂಡಿದ್ದರು. ನಮ್ಮ ಧರ್ಮದವರಲ್ಲದ ಆ ವೃದ್ಧೆ ನನ್ನ ವ್ರತವನ್ನು ತನ್ನ ಸೂಜಿಯಲ್ಲಿ ಪಾಲಿಸಿದ್ದರು.

ಇಲ್ಲಿ ಶಾಸ್ತ್ರದ ಒಂದು ಮಾತನ್ನು ಗಮನಿಸಬೇಕು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಅನಾದರ ಮತ್ತು ಸ್ಮೃತ್ಯನುಪಸ್ಥಾನ ಎಂಬೆರಡು ಎರಡು ಕಡೆಗಳಲ್ಲಿಯೂ ಬರುತ್ತವೆ. ಆದರವಿಲ್ಲದಿರುವುದು ಮೊದಲನೆಯದು, ನೆನಪಿಲ್ಲದಿರುವುದು ಎರಡನೆಯದು. ಅತಿಥಿಸಂವಿಭಾಗದ ಅತಿಚಾರಗಳಲ್ಲಿ ಮಾತ್ಸರ್ಯವುಂಟು, ಕಾಲಾತಿಕ್ರಮವುಂಟು. ಕೊಟ್ಟ ವಸ್ತು ಅಲ್ಪವೆಂಬುದು ಆ ಪಟ್ಟಿಯಲ್ಲಿಲ್ಲ. ಲೌಕಿಕವಾದ ಉಡುಗೊರೆ ಪಾತ್ರದಾನಕ್ಕೆ ಸಮವಲ್ಲ, ನಿಜ. ಆದರೂ ಕೊಡುವ ಕೈಯನ್ನು ಪರೀಕ್ಷಿಸಲು ಈ ಒರೆಗಲ್ಲು ಸಾಕು. ಆದರವೂ ಸ್ಮೃತಿಯೂ ಇದ್ದ ಕಡೆ ಕೊಡುಗೆ ಪೂರ್ಣವಾಯಿತೆಂದೇ ತಿಳಿಯತಕ್ಕದ್ದು.

ಹಾಗಾದರೆ ಕುಂದೇ ಒಂದು ಗುಣವೇ? ಅಲ್ಲ. ತಾನು ಉಣ್ಣಲಾಗದುದನ್ನು ಇನ್ನೊಬ್ಬರ ಎಲೆಗೆ ಬಡಿಸುವವನ ಕುಂದು ಬೇರೆ, ಮಂಜುಗಣ್ಣಿನವರ ಹೊಲಿಗೆಯ ಕುಂದು ಬೇರೆ. ಒಂದು ಅನಾದರದಿಂದ ಹುಟ್ಟಿತು, ಇನ್ನೊಂದು ಅಶಕ್ತಿಯಿಂದ. ಅನಾದರದ ಕುಂದನ್ನು ಚಿನ್ನದ ಲೇಪ ಮುಚ್ಚಲಾರದು. ಅಶಕ್ತಿಯ ಕುಂದಾದರೋ, ಶಕ್ತಿಯಿದ್ದಷ್ಟನ್ನೂ ವ್ಯಯಿಸಿದುದಕ್ಕೆ ಸಾಕ್ಷಿ. ಆ ಓರೆ ಗೆರೆಯಲ್ಲಿ ನನಗೆ ಚೆಲುವು ಕಂಡದ್ದು ಇದರಿಂದಲೇ.

ಈ ವಿವೇಕ ನಮ್ಮ ನಾಡಿಗೆ ಹಳೆಯದು. ಕೋಲಾರ ಒಂದು ಕಾಲದಲ್ಲಿ ಕುವಲಾಲಪುರವೆನಿಸಿ ಗಂಗರ ರಾಜಧಾನಿಯಾಗಿತ್ತು. ಅದೇ ಗಂಗವಂಶದ ಮಂತ್ರಿ ಚಾವುಂಡರಾಯನು ಹತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದನು. ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಪೂರ್ಣವಾಗಲಿಲ್ಲವೆಂದೂ, ಗುಳ್ಳಕಾಯಿಯಲ್ಲಿ ಒಬ್ಬ ಮುದುಕಿ ತಂದ ಹಾಲು ಮೂರ್ತಿಯನ್ನೆಲ್ಲ ತೋಯಿಸಿತೆಂದೂ ಐತಿಹ್ಯ. ಗೊಮ್ಮಟನಿಗೆ ಎದುರಾಗಿ ಇಂದಿಗೂ ಗುಳ್ಳಕಾಯಜ್ಜಿಯ ವಿಗ್ರಹವಿದೆ. ಕಥೆ ಚಾವುಂಡರಾಯನನ್ನು ಹಳಿಯಲಿಲ್ಲ. ಅಳತೆಯ ಅಹಂಕಾರವನ್ನಷ್ಟೇ ತೊಳೆಯಿತು.

ಶ್ರಾವಕಬಂಧುಗಳು ಇದನ್ನು ನಿತ್ಯಜೀವನಕ್ಕೆ ಅನ್ವಯಿಸಿಕೊಳ್ಳಬೇಕು. ಉಡುಗೊರೆ ಸಣ್ಣದಾದೀತೆಂಬ ನಾಚಿಕೆಯಿಂದ ವ್ರತದ ಉದ್ಯಾಪನೆಯನ್ನೇ ಮುಂದೂಡುವವರಿದ್ದಾರೆ. ಸಾಲ ಮಾಡಿ ಪಾತ್ರೆಗಳನ್ನು ಹಂಚುವವರಿದ್ದಾರೆ. ಅವರ ಭಯಕ್ಕೆ ಕಾರಣರು ಯಾರು? ಕೊಟ್ಟ ಪಾತ್ರೆಯನ್ನು ಅಲ್ಲಿಯೇ ಕೈಯಲ್ಲಿ ತೂಗಿ ನೋಡುವ ನಾವೇ. ಕೊಟ್ಟವರ ಮುಖ ಬಾಡುವಂತೆ ಮಾಡುವುದೂ ಹಿಂಸೆಯೇ. ಉಪವಾಸದಿಂದ ನಾಲಗೆಯನ್ನು ಗೆದ್ದವರು ಪಾರಣೆಯ ದಿನ ಕಣ್ಣಿನ ಆಸೆಗೆ ಸೋಲಬಾರದು. ಕೊಡುವವರು ಶಕ್ತಿಯನ್ನು ಮೀರದಿರಲಿ, ಬಚ್ಚಿಡದೆಯೂ ಇರಲಿ. ಕೊಳ್ಳುವವರು ಎರಡೂ ಕೈಗಳನ್ನು ನೀಡಿ ಕೊಳ್ಳಲಿ, ಕೊಟ್ಟದ್ದನ್ನು ಬಳಸಲಿ. ಕೊಟ್ಟವರಿಗೆ ಅದಕ್ಕಿಂತ ದೊಡ್ಡ ಪ್ರತಿದಾನವಿಲ್ಲ.