ಪಿತಾಮಹಿಯ ಸ್ಮರಣೆ



ಮಹಾಲಯ ಪಕ್ಷದಲ್ಲಿ ತರ್ಪಣಕ್ಕೆ ಕುಳಿತಾಗ ಪುರೋಹಿತರು ಪಿತಾಮಹಿಯ ಹೆಸರನ್ನು ಕೇಳುತ್ತಾರೆ. ಗೋತ್ರವು ನಾಲಿಗೆಯ ಮೇಲಿರುತ್ತದೆ. ಹೆಸರು ಮಾತ್ರ ಅನೇಕರಿಗೆ ತೋಚದು. ಮುಂಬಯಿ, ಪುಣೆಗಳಲ್ಲಿ ಬೆಳೆದವರಿಗೆ ಆಕೆ ಕೇವಲ 'ಅಜ್ಜಿ'. ಶಾಸ್ತ್ರವಾದರೋ ನಾಮಗೋತ್ರಗಳನ್ನು ಉಚ್ಚರಿಸಿ, ರುದ್ರರೂಪಳೆಂದು ಭಾವಿಸಿ, ತಿಲೋದಕವನ್ನು ಕೊಡೆಂದು ವಿಧಿಸುತ್ತದೆ. ಅದು ಆಕೆಗೆ ಸಲ್ಲುವ ಗೌರವ.

ನನ್ನ ಅಜ್ಜಿಗೆ ಅಕ್ಷರ ಬಾರದು. ಆದರೆ 16ನೆಯ ಶತಮಾನದ ಶ್ರೀವಾದಿರಾಜರು ರಚಿಸಿದ ಲಕ್ಷ್ಮೀಶೋಭಾನೆ ಆದ್ಯಂತ ಕಂಠಸ್ಥ. ಏಕಾದಶಿಯಂದು ತಾನು ಹನಿ ನೀರನ್ನೂ ಮುಟ್ಟದೆ ಮಕ್ಕಳಿಗೆ ಅವಲಕ್ಕಿ ಕಲಸಿಕೊಡುತ್ತಿದ್ದಳು. ದ್ವಾದಶಿಯ ಪಾರಣೆಗೆ ಎಲ್ಲರಿಗಿಂತ ಮೊದಲೆದ್ದು ಒಲೆ ಹಚ್ಚುತ್ತಿದ್ದಳು. ಮಜ್ಜಿಗೆ ಕಡೆಯುವಾಗ ಹಾಡು ಸಾಗುತ್ತಿತ್ತು. ರಮಾದೇವಿಯು ಇತರ ದೇವತೆಗಳನ್ನೆಲ್ಲ ಬಿಟ್ಟು ಶ್ರೀಹರಿಯನ್ನೇ ವರಿಸಿದ ಕಥೆ ಅದು. ಹರಿಸರ್ವೋತ್ತಮತ್ವವನ್ನು ನಾನು ಗ್ರಂಥಗಳಲ್ಲಿ ಓದಿದ್ದು ಬಹುಕಾಲದ ಮೇಲೆ. ಅದು ಮನಸ್ಸಿನಲ್ಲಿ ನೆಲೆಗೊಂಡದ್ದು ಆ ಕಡೆಗೋಲಿನ ಸದ್ದಿನೊಡನೆ.

ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರ ಹಾಡುಗಳು ನಮ್ಮವರೆಗೆ ಬಂದುದರಲ್ಲಿ ಇಂತಹ ಅಜ್ಜಿಯರ ಋಣ ದೊಡ್ಡದು. ಪಾಠಶಾಲೆಯಿಲ್ಲದೆ, ಅಡಿಗೆಮನೆಯಲ್ಲಿಯೇ ಅವರು ಪರಂಪರೆಯನ್ನು ಸಾಗಿಸಿದರು. ಊರು ಬಿಟ್ಟು ಬಂದ ನಾವು ಪಾತ್ರೆಪಡಗಗಳನ್ನು ತಂದೆವು. ಹಾಡುಗಳನ್ನು ಹಲವು ಮನೆಗಳು ಅಲ್ಲಿಯೇ ಬಿಟ್ಟು ಬಂದಿವೆ. ಒಂದು ತಲೆಮಾರು ಮೌನವಾಗಿದ್ದರೆ ಸಾಕು, ಮುಂದಿನದು ಕೇಳಲು ಯಾರೂ ಉಳಿಯರು.

ಆದುದರಿಂದ ಅಜ್ಜಿಯಿರುವ ಮನೆಯವರು ಈ ವಾರವೇ ಆಕೆಯ ಬಳಿ ಕುಳಿತು ಒಂದು ಹಾಡನ್ನಾದರೂ ಕಲಿಯಿರಿ. ಇಲ್ಲದವರು ಆಕೆಯ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿರಿ, ಮಕ್ಕಳಿಗೆ ಹೇಳಿರಿ. ತರ್ಪಣದ ನೀರು ವರ್ಷಕ್ಕೆ ಕೆಲವೇ ದಿನ. ಆಕೆ ಕಲಿಸಿದ ಹರಿನಾಮವು ನಿತ್ಯತರ್ಪಣ.

ಶ್ರೀಕೃಷ್ಣಾರ್ಪಣಮಸ್ತು.